ಗದ್ದೆಗಳ ನಡುವಿನ ಒಣ ದಿಬ್ಬ

ದೇಶನೂರಿನಲ್ಲಿ ನಮ್ಮ ಗದ್ದೆಯ ಮೂಲೆಗೆ ಒಂದು ದಿಬ್ಬವಿದೆ. ಕಾಲುವೆ ನೀರು ಹತ್ತದಷ್ಟು ಎತ್ತರ. ಅದರ ಮೇಲೆ ಬೇವು, ಹೊಂಗೆ, ಒಂದಿಷ್ಟು ಸುಬಾಬುಲ್. ಜೊತೆಗೆ ನಮ್ಮ ಜಿಲ್ಲೆಯ ಹೆಸರಿಟ್ಟುಕೊಂಡು ಮೆರೆಯುವ ಬಳ್ಳಾರಿ ಜಾಲಿ. ವರ್ಷಾ ವರ್ಷ ಕಡಿದು ಸೌದೆ ಮಾಡದಿದ್ದರೆ ಉಳಿದ ಗಿಡಗಳನ್ನು ಬದುಕಗೊಡುವುದಿಲ್ಲ, ಹಾಳಾದ್ದು. ಆ ದಿಬ್ಬದ ಯಜಮಾನಿಕೆ ನನ್ನದು. ಹೊಂಗೆಯ ಸೊಪ್ಪು ನಾಟಿಗೆ ಮುಂಚೆ ಗದ್ದೆಗೆ ಗೊಬ್ಬರವಾಗಿ, ಸುಬಾಬುಲ್ ಸೊಪ್ಪು ಮೇಕೆಗಳಿಗೆ. ಒಂದು ಗಿಡ ಸವರಿದರೆ ಅದು ಮತ್ತೆ ಚಿಗುರಿ ತುಂಬುವ ತನಕ ಅದರ ತಂಟೆಗೆ ಹೋಗಬಾರದು. ನನ್ನನ್ನು ಕೇಳದೆ ಯಾರಾದರೂ ಕುಡುಗೋಲು ಹಿಡಿದು ಹತ್ತಿದರೆ ನನ್ನ ಬಾಯಿ ಆಚೆ ಗದ್ದೆಗೂ ಕೇಳುತ್ತದೆ.

ನಮ್ಮ ಮನೆಯವರಿಗೆ ಮಾತ್ರ ಆ ದಿಬ್ಬ ಕಂಡರಾಗುತ್ತಿರಲಿಲ್ಲ. ಸುತ್ತಲಿನವರೆಲ್ಲ ತಮ್ಮ ದಿಬ್ಬಗಳನ್ನು ಕೆಡವಿ ಭತ್ತ ಹಚ್ಚಿದ್ದರು. "ನಮ್ಮದೊಂದ ಉಳದೈತಿ ನೋಡು, ಬೋಳು ತಲಿ ಮ್ಯಾಲಿನ ಜುಟ್ಟಿನಂಗ," ಎಂದು ರೇಗಿಸುತ್ತಿದ್ದರು. ಕಳೆದ ವರ್ಷ ಮಾತು ಗಟ್ಟಿಯಾಯಿತು: ಸುಗ್ಗಿ ಮುಗಿದ ಮೇಲೆ ಜೆಸಿಬಿ ಬರುತ್ತದೆ, ಗಿಡಗಳೆಲ್ಲ ಹೋಗುತ್ತವೆ.

"ಮೊದಲ ನನ್ನ ಕೆಡವ್ರಿ, ಆಮ್ಯಾಲೆ ಬೇವು," ಎಂದೆ.

"ನೀ ಬೇವಿಗಿಂತ ಗಟ್ಟಿ ಅದೀ ಬಿಡು," ಎಂದು ನಕ್ಕರು. ನಕ್ಕರೇ ಹೊರತು ಮನಸ್ಸು ಬದಲಿಸಲಿಲ್ಲ. ನನಗೆ ಅನ್ನ ಸೇರದಾಯಿತು.

ಅದೇ ವರ್ಷ ನಾಟಿ ಮುಗಿದು ಗದ್ದೆಯಲ್ಲೆಲ್ಲ ನೀರು ನಿಂತಿದ್ದಾಗ, ನಮ್ಮ ಜೋಡಿ ಎತ್ತುಗಳಲ್ಲಿ ಒಂದು ಮೇವು ಬಿಟ್ಟಿತು. ಟ್ರ್ಯಾಕ್ಟರ್ ಬಂದ ಮೇಲೆ ಅವಕ್ಕೆ ಕೆಲಸವಿರಲಿಲ್ಲ, ಆದರೂ ಇವರು ಮಾರಲು ಒಪ್ಪಿರಲಿಲ್ಲ. ಸಿರುಗುಪ್ಪದಿಂದ ಬಂದ ದನದ ಡಾಕ್ಟರು ಸೂಜಿ ಚುಚ್ಚಿ, "ವಯಸ್ಸಾಗೈತ್ರಿ," ಎಂದಷ್ಟೇ ಹೇಳಿ ಹೋದರು. ಬೆಳಗಾಗುವುದರೊಳಗೆ ಅದು ಕಾಲು ಚಾಚಿತ್ತು. ಇವರು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು ಎಲ್ಲರೆದುರೇ ಅತ್ತರು. ಅವರನ್ನು ಹಾಗೆ ಎಂದೂ ನೋಡಿರಲಿಲ್ಲ.

ದುಡಿದ ಎತ್ತನ್ನು ನಮ್ಮಲ್ಲಿ ಸ್ವಂತ ಭೂಮಿಯಲ್ಲೇ ಮಣ್ಣು ಮಾಡುತ್ತಾರೆ. ಆದರೆ ಎಲ್ಲಿ? ಬದುವಿನ ಪಕ್ಕ ಅಗೆಸಿದರು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ನೀರು ಒಸರಿ ಗುಂಡಿ ತುಂಬಿತು. ಇನ್ನೊಂದು ಕಡೆಯೂ ಅದೇ ಪಾಡು. ಪಕ್ಕದ ಗದ್ದೆಯವರು ಮೆಲ್ಲಗೆ, "ಕಾಲುವಿ ದಂಡಿಗೆ ಹಾಕಿ ಬರೋಣು ಬಿಡ್ರಿ. ನಮ್ಮ ಎಮ್ಮಿನೂ ಅಲ್ಲೇ ಹಾಕಿದ್ವಿ," ಎಂದರು.

"ನಾಯಿ ಎಳೀಲಿ ಅಂತೇನು?" ಇವರು ಸಿಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ ದಿಬ್ಬದ ಕಡೆ ನಡೆದರು. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ನುಂಗಿಕೊಂಡೆ. ಅಂಥ ಹೊತ್ತಿನಲ್ಲಿ ಗೆದ್ದು ಏನು ಮಾಡಬೇಕಿತ್ತು?

ಬೇವಿನ ಹತ್ತಿರ ಆಳುಗಳು ಅಗೆದರು. ಸೊಂಟದುದ್ದ ಇಳಿದರೂ ನೀರಿನ ಸುಳಿವಿಲ್ಲ. ಅಷ್ಟರಲ್ಲಿ ಗುಂಡಿಗೆ ಅಡ್ಡವಾಗಿ ದಪ್ಪನೆಯ ಬೇರೊಂದು ಸಿಕ್ಕಿತು. ಒಬ್ಬ ಆಳು ಕೊಡಲಿ ಎತ್ತಿದ.

"ಲೇ, ಬೇರಿಗೆ ಹಾಕಬ್ಯಾಡಲೇ! ಈ ಕಡಿ ಸರದು ಅಗಿ!"

ಹೇಳಿದವರು ಇವರೇ. ನಾನು ತಿರುಗಿ ನೋಡಿದೆ.

ಟ್ರಾಲಿಯಲ್ಲಿ ಎತ್ತನ್ನು ತಂದೆವು. ಅರಿಶಿನ ಕುಂಕುಮ ಹಚ್ಚಿ, ನನ್ನದೊಂದು ಹೊಸ ಸೀರೆ ಹೊದಿಸಿ, ಉಪ್ಪು ಸುರಿದು ಮಣ್ಣು ಎಳೆದೆವು. ನಾಯಿ ಕೆದರದಂತೆ ಮೇಲೆ ಜಾಲಿ ಮುಳ್ಳು ಹೇರಬೇಕು. ಆಳು ಮುಳ್ಳನ್ನು ಎಡಗಡೆಗೂ ಹರಡಹೊರಟಾಗ ಇವರು ಕೈ ಅಡ್ಡ ಹಿಡಿದರು.

"ಎಡಕ್ಕ ಜಾಗ ಬಿಡು. ಇದು ನೊಗದಾಗ ಯಾವಾಗಲೂ ಬಲಕ್ಕ ನಡದದ್ದು. ಮುಂದ ಇನ್ನೊಂದನ್ನ ಇದರ ಎಡಮಗ್ಗಲಿಗೇ ಮಲಗಿಸಬೇಕು."

ದಿಬ್ಬ ಉಳಿಯಿತೆಂದು ನನಗೆ ಆಗ ಗೊತ್ತಾಯಿತು. ಸಂತೋಷವಾಗಲಿಲ್ಲ. ಆ ಖಾಲಿ ಜಾಗ ನೋಡುತ್ತ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.