ಬಂಡೂರಿನ ಸದ್ದಿಲ್ಲದ ಗಾಡಿ

"ನನ್ನ ಗಾಡಿ ಅತ್ತಿದೋರ್ನ ಅರ್ಧ ದಾರೀಲಿ ಇಳ್ಸಕಿಲ್ಲ ಕಣತ್ತೆ."

ಬಂಡೂರಿನ ಅರುಂಧತಿ ತಮ್ಮ ಅತ್ತೆ ಪಟ್ಟಲಮ್ಮನವರಿಗೆ ಈ ಮಾತು ಕೊಟ್ಟಾಗ ಅವರ ಬಳಿ ಗಾಡಿಯಿರಲಿ, ಲೈಸೆನ್ಸೂ ಇರಲಿಲ್ಲ. ಮಾವ ಶಿವಯ್ಯ ತೀರಿಕೊಂಡ ವರ್ಷ ಅದು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆಂದು ಮಂಡ್ಯಕ್ಕೆ ಹೊರಟಿದ್ದ ಅವರನ್ನು, ದಾರಿಯಲ್ಲಿ ಮದುವೆಯ ಬಾಡಿಗೆ ಸಿಕ್ಕಿತೆಂದು ಜೀಪಿನವನೊಬ್ಬ ಹುಣಸೆಮರದ ಕೆಳಗೆ ಇಳಿಸಿ ಹೋದ. ಬಸ್ಸು ಹಿಡಿದು ತಲುಪುವಷ್ಟರಲ್ಲಿ ಅವರ ಸರದಿ ಬೇರೆಯವರಿಗೆ ಹೋಗಿತ್ತು. ಮುಂದಿನ ಸರದಿಗೆ ಶಿವಯ್ಯ ಇರಲಿಲ್ಲ.

ಈಗ ಬುದ್ಧನ ಪಟ ಹಾಕಿದ ಆ ಮನೆಯ ಜಗುಲಿಯ ಪಕ್ಕ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ನಿಲ್ಲುತ್ತದೆ. ಮದ್ದೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟ ಅರುಂಧತಿ, ಮೈಸೂರಿನವರೊಬ್ಬರು ಆಫೀಸಿಗೆ ಓಡಿಸುತ್ತಿದ್ದ ಹಳೆಯ ಕಾರನ್ನು ತಂದರು. ಕೋಳಿ ಕೂಗುವ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಡಯಾಲಿಸಿಸ್ ರೋಗಿಗಳನ್ನು ಕೂರಿಸಿಕೊಂಡು ಮಂಡ್ಯಕ್ಕೆ ಹೊರಡುತ್ತಾರೆ. ರೋಗಿ ಯಂತ್ರದ ಪಕ್ಕ ಮಲಗಿರುವಷ್ಟು ಹೊತ್ತು ಕಾರು ಚಾರ್ಜಿಗೆ ನಿಂತಿರುತ್ತದೆ. "ಅವರ್ಗೂ ವೈರು, ಇದ್ಕೂ ವೈರು" ಎಂದು ನಗುತ್ತಾರೆ.

ಮೊದಮೊದಲು ನಕ್ಕವರು ಬೇರೆಯವರು. "ಮಿಕ್ಸಿಗೆ ಚಕ್ರ ಕಟ್ಟವ್ಳೆ ಕಣ್ರಲಾ" ಅಂತ ಟೀ ಅಂಗಡಿ ಮುಂದೆ ಆಡಿಕೊಂಡದ್ದು ಡೀಸೆಲ್ ಜೀಪಿನ ಮಹದೇವು. ಒಂದು ದಿನ ದಿಬ್ಬದಲ್ಲಿ, ಕಾರಿನ ತುಂಬ ಜನ ಕೂತಿದ್ದಾಗಲೇ, ಅರುಂಧತಿ ಆತನ ಜೀಪನ್ನು ಸದ್ದಿಲ್ಲದೆ ದಾಟಿ ಹೋದರು. "ಸಂಜೆ ಮನೆತಾವ್ಕೇ ಬಂದು ಬಾನೆಟ್ ತೆಗ್ಸಿ ಬಗ್ಗಿ ನೋಡ್ದ. 'ಇಂಜಿನ್ನೇ ಇಲ್ವಲ್ಲಮ್ಮಿ, ಯಾವ ದೆವ್ವ ಎಳೀತದೆ ಇದ್ನ?' ಅಂದ" ಎನ್ನುತ್ತಾರೆ ಅರುಂಧತಿ.

ಆದರೆ ಆ ದೆವ್ವಕ್ಕೂ ಊಟ ಬೇಕು. ಒಂದು ಅಮಾವಾಸ್ಯೆಯ ಮರುದಿನ ಅದೇ ತಪ್ಪಿಹೋಗಿದೆ.

ಇನ್ನೂ ನಸುಗತ್ತಲು. ಅರುಂಧತಿ ಕೀ ತಿರುಗಿಸುತ್ತಾರೆ, ಪರದೆ ನೋಡುತ್ತಾರೆ. ಚಾರ್ಜು ಅರ್ಧಕ್ಕಿಂತ ಕಡಿಮೆ. ಸೊಸೆ ಬುದ್ಧನಿಗೆ ಕೈಮುಗಿದರೂ ಅತ್ತೆ ಗಾಡಿಗೆ ಅಮಾವಾಸ್ಯೆ ಪೂಜೆ ಬಿಟ್ಟವರಲ್ಲ. ಹಿಂದಿನ ಸಂಜೆ ನೀರು ಹಾಕಿ ತೊಳೆಯುವಾಗ ಕರೆಂಟು ಹೊಡೆದೀತೆಂದು ಪ್ಲಗ್ಗು ಕಿತ್ತಿದ್ದಾರೆ. ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು ಒಳಗೆ ಹೋಗಿದ್ದಾರೆ. ಪ್ಲಗ್ಗು ಹಾಗೇ ನೇತಾಡುತ್ತಿದೆ.

"ನೀರು ಉಯ್ಯೋವಾಗ ಕಿತ್ತೆ ಕಣವ್ವ, ಆಮೇಕೆ ಮರ್ತೇಬುಟ್ಟೆ," ಪಟ್ಟಲಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಾರೆ.

ಬೈಯಲು ಹೊತ್ತಿಲ್ಲ. ಜಗುಲಿಯ ಮೇಲೆ ಆ ದಿನದ ರೋಗಿ ಕರಿಯಯ್ಯ ಏದುಸಿರು ಬಿಡುತ್ತಿದ್ದಾರೆ. ಮೊಮ್ಮಗಳ ನಾಮಕರಣವೆಂದು ಹಿಂದಿನ ಸರದಿ ತಪ್ಪಿಸಿಕೊಂಡಿದ್ದಾರೆ. ಕಾಲು ಊದಿ ಚಪ್ಪಲಿ ಹಿಡಿಯುತ್ತಿಲ್ಲ. ಇವತ್ತೂ ತಪ್ಪಿದರೆ ಏನಾಗುತ್ತದೆಂದು ಆ ಜಗುಲಿಯ ಮೇಲೆ ಯಾರೂ ಹೇಳಬೇಕಿಲ್ಲ. ಮಳವಳ್ಳಿಯಲ್ಲಿ ಚಾರ್ಜಿಗೆ ಹಾಕಿ ಕಾದರೂ, ಬೇರೆ ಗಾಡಿ ಕರೆಸಿದರೂ ಹೊತ್ತು ಮೀರುತ್ತದೆ.

"ನಾಮಕರಣದ ಬಾಡೂಟ ಮುಟ್ಬ್ಯಾಡಿ ಅಂದೆ, ಕೇಳಿದ್ರಾ? ಅದ್ರ ಮ್ಯಾಲೆ ಚೊಂಬುಗಟ್ಲೆ ನೀರು," ಹೆಂಡತಿ ಚಿಕ್ಕನಂಜಮ್ಮ ಅವರನ್ನು ಹಿಡಿದು ಎಬ್ಬಿಸುತ್ತಾರೆ.

"ಬಂಡೂರು ಕುರಿ ಕಣೆ, ಎಂಗ್ ಬುಡ್ಲಿ?" ಕರಿಯಯ್ಯನಿಗೆ ಅಷ್ಟು ಹೇಳುವುದರಲ್ಲೇ ಉಸಿರು ಸಾಲುವುದಿಲ್ಲ.

"ಆಯ್ತದೆ, ಗಾಡಿ ಅತ್ತಿ," ಅರುಂಧತಿ ಹೇಳುತ್ತಾರೆ. ಮಂಡ್ಯದಲ್ಲಿ ಕಣ್ಣು ತೋರಿಸಬೇಕಿದ್ದ ಪಟ್ಟಲಮ್ಮ ಹಿಂಜರಿದರೂ ಕೈಹಿಡಿದು ಹತ್ತಿಸಿಕೊಳ್ಳುತ್ತಾರೆ.

ಎ.ಸಿ. ಇಲ್ಲ, ರೇಡಿಯೋ ಇಲ್ಲ. ಇಳಿಜಾರು ಬಂದಾಗ ಆಕ್ಸಿಲರೇಟರಿನಿಂದ ಕಾಲೆತ್ತುತ್ತಾರೆ. ಚಕ್ರ ಉರುಳುತ್ತಲೇ ಬ್ಯಾಟರಿಗೆ ಚೂರು ಚಾರ್ಜು ವಾಪಸು ಕೊಡುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು, ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಮಗುಚಿ ಬೀಳುವವರೆಗೆ.

ಎರಡೂ ಕಡೆ ಬಸ್ಸು, ಲಾರಿ ಸಾಲುಗಟ್ಟಿವೆ. ಅರುಂಧತಿ ಪಕ್ಕದ ನಾಲೆ ಏರಿಯ ಮಣ್ಣುದಾರಿಗೆ ಇಳಿಯುತ್ತಾರೆ. ದೊಡ್ಡ ಗಾಡಿ ಹಿಡಿಸದ ದಾರಿ. ಒಂದು ಬದಿ ನೀರು, ಇನ್ನೊಂದು ಬದಿ ಗದ್ದೆ. ಪುಟ್ಟ ಕಾರು ಗುಂಡಿ ಹತ್ತಿ ಇಳಿದು ನುಸುಳುತ್ತದೆ. ಸುತ್ತುದಾರಿ ಚಾರ್ಜನ್ನು ನುಂಗುತ್ತಲೇ ಇದೆ.

ಪರದೆಯ ಮೇಲೆ ಆಮೆಯ ಚಿತ್ರ ಮೂಡುತ್ತದೆ.

"ಆಮೆ ಯಾಕವ್ವ ಬಂತು?" ಚಿಕ್ಕನಂಜಮ್ಮ ಕೇಳುತ್ತಾರೆ. ಚಾರ್ಜು ತಳ ಕಂಡಿದೆ, ಇನ್ನು ಕಾರು ಮೆಲ್ಲಗಷ್ಟೇ ಹೋಗುತ್ತದೆ. ಎದುರಿಗೆ ನಾಲೆ ದಾರಿಯಿಂದ ಮಂಡ್ಯದ ರಸ್ತೆಗೆ ಹತ್ತುವ ಕಡಿದಾದ ದಿಬ್ಬ. ನಡುವಿನವರೆಗೆ ಹತ್ತಿದ ಕಾರು ಮುಲುಗಿ, ನಿಂತು, ಹಿಂದಕ್ಕೆ ಜಾರುತ್ತದೆ. ಮುಂದಿನ ಸೀಟಿನಲ್ಲಿ ಕರಿಯಯ್ಯನ ತಲೆ ಬಾಗಿಲಿಗೆ ಒರಗಿದೆ.

"ನಿಲ್ಸಮ್ಮಿ, ನಾನಿಳೀತೀನಿ," ಪಟ್ಟಲಮ್ಮ ಅನ್ನುತ್ತಾರೆ.

"ಸುಮ್ಕೆ ಕೂತ್ಕಳಿ ಅತ್ತೆ. ನಿಮ್ಗೆ ಮಾತು ಕೊಟ್ಟಿವ್ನಿ."

"ಆ ಮಾತು ಕಟ್ಕಂಡು ಇನ್ನೊಬ್ಬರ ಮನೆ ಯಜಮಾನ್ನ ಸಾಯ್ಸೀಯಾ? ನಿಲ್ಸು ಅಂದ್ರೆ ನಿಲ್ಸು!"

ಅರುಂಧತಿ ಬ್ರೇಕು ಒತ್ತುತ್ತಾರೆ. ಪಟ್ಟಲಮ್ಮ ಇಳಿಯುತ್ತಾರೆ. ಬಾಗಿಲು ಮುಚ್ಚಿದ್ದೇ ಕಾರು ಮತ್ತೆ ಹತ್ತುತ್ತದೆ, ಇಂಚಿಂಚಾಗಿ. ಮೇಲೆ ಟಾರು ರಸ್ತೆ ಸಿಕ್ಕಾಗ ಕನ್ನಡಿಯಲ್ಲಿ ನೋಡುತ್ತಾರೆ. ಅತ್ತೆ ಮಂಡಿ ಹಿಡಿದು ದಿಬ್ಬ ಹತ್ತುತ್ತಿದ್ದಾರೆ. ಕಾಯಬಹುದಿತ್ತು. ಕರಿಯಯ್ಯನ ಉಸಿರು ಕೇಳಿಸುತ್ತಿದೆ. ಅರುಂಧತಿ ಕಾಯುವುದಿಲ್ಲ.

ಆಸ್ಪತ್ರೆಯಲ್ಲಿ ಕರಿಯಯ್ಯನ ಸರದಿ ಕೂಗಿಯಾಗಿದೆ. ನರ್ಸ್ ಶಶಿರೇಖಾ ಬಾಗಿಲಲ್ಲೇ ನಿಂತು ದಾರಿ ನೋಡುತ್ತಿದ್ದಾರೆ. ಕಾರು ಗೇಟಿನೊಳಗೆ ಬಂದು ತಾನಾಗಿಯೇ ನಿಂತುಬಿಡುತ್ತದೆ. ಕರಿಯಯ್ಯನಿಗೆ ಯಂತ್ರ ಸಿಗುತ್ತದೆ.

ಬಿಸಿಲೇರಿದ ಮೇಲೆ ಪಟ್ಟಲಮ್ಮ ಬಸ್ಸಿಳಿದು ಬರುತ್ತಾರೆ.

"ಸೀಟು ಸಿಕ್ತಾ ಅತ್ತೆ?"

"ಕಿಟಕಿ ಪಕ್ಕದ್ದೇ ಸಿಕ್ತು. ಕರಿಯಣ್ಣ ಎಂಗವ್ನೆ?"

"ಬೈಯ್ಯಂಗಾಗವ್ರೆ. ಕಾಫಿ ಕೊಡ್ಲಿಲ್ಲ ಅಂತ."

ಊರಲ್ಲೊಂದು ಬೇಗ ತುಂಬುವ ಚಾರ್ಜಿಂಗ್ ಪಾಯಿಂಟ್ ಆಗಲಿ, ಅಷ್ಟು ಸಾಕು ಎನ್ನುತ್ತಾರೆ ಅರುಂಧತಿ. ಮಾವ ತೀರಿಕೊಂಡ ವರ್ಷ ಕೊಟ್ಟ ಮಾತಿನ ಬಗ್ಗೆ ಕೇಳಿದರೆ ಅವರದು ಒಂದೇ ಉತ್ತರ: "ತಪ್ಬುಟ್ಟೆ."

ಅವರು ನಡುದಾರಿಯಲ್ಲಿ ಇಳಿಸಿದ್ದು ಒಬ್ಬರನ್ನೇ. ಮಾತು ಕೊಟ್ಟದ್ದೂ ಅವರಿಗೇ.