ಡಬ್ಬಿಯ ಮೇಲೆ ಎರಡು ಬಡಿತ

ಕಾಕಾನ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಿತ್ತು. ಇಂಜೆಕ್ಷನ್ ಕೊಡುವಾಗ ಎಮ್ಮೆಯೊಂದು ಕೈಯನ್ನು ಕಂಬಕ್ಕೆ ಒತ್ತಿಬಿಟ್ಟಿತ್ತಂತೆ. ಆ ಬೆರಳು ಪೂರ್ತಿ ಮಡಚುತ್ತಲೂ ಇರಲಿಲ್ಲ, ಪೂರ್ತಿ ನೆಟ್ಟಗೂ ಆಗುತ್ತಿರಲಿಲ್ಲ. ಬಡಿಯುವುದಕ್ಕೆ ಮಾತ್ರ ಹೇಳಿ ಮಾಡಿಸಿದಂತಿತ್ತು. ಜಹೀರಾಬಾದಿನ ನಮ್ಮ ಇಸ್ಪೀಟು ಕ್ಲಬ್ಬಿನ ಮೇಜುಗಳಿಗೆಲ್ಲ ತಾಂಡೂರು ಕಲ್ಲಿನ ಹಾಸು. ಅದರ ಮೇಲೆ ಬಡಿದರೆ ಬೆರಳಿಗೆ ನೋವಾಗುತ್ತದೆಯೇ ಹೊರತು ಪಕ್ಕದವರಿಗೆ ಕೇಳಿಸುವುದಿಲ್ಲ. ಅದಕ್ಕೇ ಅವರು ಮುಲಾಮಿನ ಖಾಲಿ ತಗಡಿನ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಕೂಡುತ್ತಿದ್ದರು. ಟಣ್, ಟಣ್. ಎರಡೇ ಬಡಿತ.

ಅವರು ಮನೂರಿನ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಊರಿಗೆಲ್ಲ ಕಾಂಪೌಂಡರ್ ಕಾಕಾ. ನಾನು ನಾರಾಯಣಖೇಡದ ಅಂಚೆ ಕಚೇರಿಗೆ ದಿನಾ ಹೋಗುತ್ತಿದ್ದ ಶೇರ್ ಆಟೋದಲ್ಲಿ ಒಂದು ದಿನ ಪಕ್ಕದಲ್ಲೇ ಕೂತು, ಹದಿಮೂರು ಎಲೆಗಳನ್ನು ಕೈಯಲ್ಲಿ ಹರಡಿಕೊಂಡು ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

"ಒಬ್ಬರೇ ಜೂಜು ಆಡ್ಲಾಕತ್ತೀರೇನ್ರಿ ಕಾಕಾ?" ಎಂದು ಕೆಣಕಿದೆ.

"ಜೂಜಲ್ಲವ್ವಾ, ಬ್ರಿಜ್. ಇದಕ್ಕ ನಾಕು ಮಂದಿ ಬೇಕು. ಸದ್ಯ ನಾನೊಬ್ಬನೇ ಅದೀನಿ."

ನಗುತ್ತಲೇ ಹೇಳಿದರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ವಕೀಲರು, ಅಧಿಕಾರಿಗಳು ಆಡುವ ಕ್ಲಬ್ಬಿನಲ್ಲಿ ಈ ಕಾಂಪೌಂಡರನ ಎದುರು ಜೋಡಿಯಾಗಿ ಕೂಡಲು ಒಂದು ವರ್ಷ ಯಾರೂ ಮುಂದೆ ಬಂದಿರಲಿಲ್ಲ. ಅವರ ಮನೆತನದಲ್ಲಿ ಸರಕಾರಿ ನೌಕರಿ ಹಿಡಿದ ಮೊದಲಿಗರು ಅವರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಕ್ಲಬ್ಬಿನವರ ಹಿಂಜರಿಕೆಗೆ ಎಲೆಯಾಟವೊಂದೇ ಕಾರಣವಲ್ಲ ಎಂದು ಊಹಿಸಲು ಬಹಳ ಬುದ್ಧಿ ಬೇಕಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುಂದಿನ ಭಾನುವಾರ ಕ್ಲಬ್ಬಿಗೆ ಹೋಗಿ ಅವರ ಎದುರು ಕೂತೆ. ಆಟ ಅವರೇ ಕಲಿಸಿದರು.

ಬ್ರಿಜ್‌ನಲ್ಲಿ ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಆಟಕ್ಕೆ ಮುಂಚೆ ನಾಲ್ವರೂ ಸರದಿಯಂತೆ, ಯಾವ ಬಣ್ಣ ಮೇಲಾದರೆ ಎಷ್ಟು ಪಟ್ಟು ಗೆಲ್ಲುತ್ತೇವೆ ಎಂದು ಕೂಗಬೇಕು. ಕೆಲವು ಕೂಗಿಗೆ ಮೇಲುನೋಟದ ಅರ್ಥವೇ ಇರುತ್ತದೆ, ಕೆಲವಕ್ಕೆ ಜೋಡಿಯವರು ಮೊದಲೇ ಮಾತಾಡಿಕೊಂಡ ಬೇರೆ ಅರ್ಥ. ಅಂಥದ್ದನ್ನು ಒಬ್ಬರು ಕೂಗಿದರೆ ಅವರ ಜೋಡಿ ಬಡಿದು ಎದುರಾಳಿಗಳನ್ನು ಎಚ್ಚರಿಸಬೇಕು. ಅವರು ಕೇಳಿದರೆ ಅರ್ಥ ಬಿಡಿಸಿ ಹೇಳಬೇಕು. ಮೊದಲ ದಿನ ನಾನು ಕೂಗಿ ನಾನೇ ಡಬ್ಬಿ ಬಡಿದೆ. "ನಿನ್ನ ಮದಿವಿಗಿ ನೀನೇ ಹಲಗಿ ಬಡಿತೀ ಏನವ್ವಾ?" ಎಂದು ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆದರೆ ಅರ್ಥ ಹೇಳುವ ವಿಷಯದಲ್ಲಿ ತಮಾಷೆ ಇರಲಿಲ್ಲ. "ನನ್ನ ಕೈಯಾಗ ಏನದ ಅಂತ ಊಹಾ ಮಾಡಿ ಹೇಳಬ್ಯಾಡ. ನಾವು ಏನ್ ಮಾತಾಡೀವಿ, ಅಷ್ಟೇ ಹೇಳು. ಮಾತಾಡಿಲ್ಲಂದ್ರ, ಮಾತಾಡಿಲ್ರಿ ಅನ್ನು." ದವಾಖಾನೆಯಲ್ಲೂ ಅವರು ಹಾಗೆಯೇ ಇದ್ದರಂತೆ. ಕುರಿಗೆ ಯಾವ ಔಷಧ ಹಾಕಿದೆ, ಅದರಿಂದ ಏನಾಗಬಹುದು, ಏನಾಗಲಿಕ್ಕಿಲ್ಲ ಎಂದು ಓದು ಬಾರದ ಮಾಲಕನಿಗೂ ಕೂಡಿಸಿಕೊಂಡು ಹೇಳುತ್ತಿದ್ದರು. ನಮ್ಮಿಬ್ಬರ ಒಪ್ಪಂದಗಳಿಗೆಲ್ಲ ಒಂದು ನೋಟ್‌ಬುಕ್ ಇತ್ತು. ಅಕ್ಷರ ನನ್ನದು, ಹೇಳುವುದು ಅವರದು. ಆಟಕ್ಕೆ ಕೂತೊಡನೆ ಅದನ್ನು ಎದುರಾಳಿಗಳ ಕಡೆ ಸರಿಸಿಬಿಡುತ್ತಿದ್ದರು.

ನಾವು ಗೆಲ್ಲತೊಡಗಿದೆವು. ಕೆಲವರಿಗೆ ಅದು ಜೀರ್ಣವಾಗಲಿಲ್ಲ. ತಾಂಡೂರಿನಿಂದ ಬಂದಿದ್ದ ಕಲ್ಲಿನ ವ್ಯಾಪಾರಿ ಸೇಠರೊಬ್ಬರು ಒಂದು ಪಂದ್ಯದಲ್ಲಿ ನಮ್ಮೆದುರು ಸೋತು ಎದ್ದು ನಿಂತರು.

"ಆ ಡಬ್ಬಿ ಒಮ್ಮಿ ಜೋರ್ ಬಡಿತದ, ಒಮ್ಮಿ ಹಗೂರ ಬಡಿತದ. ಇದರಾಗ ಏನೋ ಇಶಾರಾ ಅದ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಕಾಕಾ ನೋಟ್‌ಬುಕ್ಕನ್ನು ಅವರ ಮುಂದಿಟ್ಟರು. "ಇದರಾಗ ಇಲ್ಲದ್ದು ನಮ್ಮ ನಡುವ ಏನೂ ಇಲ್ರಿ ಸೇಠ್‌ಜಿ. ಓದ್ರಿ." ಸೇಠರು ಮುಟ್ಟಲೂ ಇಲ್ಲ.

ಆ ದಿನ ಆಟೋದಲ್ಲಿ ಕಾಕಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಊರು ಹತ್ತಿರವಾದಾಗ, "ಮೋಸಗಾರ ಅಂದಂಗಾತಲ್ಲವ್ವಾ," ಎಂದರು. "ಅವರೂರಿನ ಕಪ್ ಗೆದ್ದು ಬಾಯಿ ಮುಚ್ಚಸ್ತೀನ್ರಿ," ಎಂದೆ ನಾನು. ಆ ವರ್ಷವೆಲ್ಲ ನನ್ನ ತಲೆಯಲ್ಲಿ ಆ ಕಪ್ಪೇ ಕೂತಿತ್ತು.

ತಾಂಡೂರಿನ ಪಂದ್ಯ. ಕೊನೆಯ ಸುತ್ತು, ಕೊನೆಯ ಕೈ, ಎದುರಿಗೆ ಅದೇ ಸೇಠರು. ನಾನು ಒಂದು ಸ್ಪೇಡ್ ಕೂಗಿದೆ, ಕಾಕಾ ನಾಲ್ಕು ಕ್ಲಬ್ (ಕಳಾವರ್ ಎಲೆ) ಅಂದರು. ಟಣ್, ಟಣ್ ಎಂದು ಬಡಿದು ನಾಲ್ಕು ಸ್ಪೇಡ್ ಅಂದೆ. ಆರರ ಮೇಲೆ ನಾಲ್ಕು, ಒಟ್ಟು ಹತ್ತು ಪಟ್ಟು ಗೆದ್ದು ತೋರಿಸಿದರೆ ಕಪ್ ನಮ್ಮದು. ತಮ್ಮ ಸರದಿ ಬಂದಾಗ ಸೇಠರು ಕೇಳಿದರು, "ಆ ನಾಲ್ಕು ಕ್ಲಬ್ ಅಂದ್ರೇನ್ರಿ?"

"ಸ್ಪೇಡೂ ಅದಾವ, ಕ್ಲಬ್ ಎಲಿನೂ ಭಾಳ ಅದಾವ, ಗಟ್ಟಿ ಅದಾವ," ಎಂದೆ.

ಅದು ಹಳೆಯ ಅರ್ಥ. ಹದಿನೈದು ದಿನದ ಹಿಂದಷ್ಟೇ ಬದಲಾಯಿಸಿಕೊಂಡಿದ್ದೆವು. ಹೊಸ ಅರ್ಥ ಕ್ಲಬ್ ವಿಷಯದಲ್ಲಿ ತೀರ ಉಲ್ಟಾ: ಸ್ಪೇಡ್ ಚೆನ್ನಾಗಿವೆ, ಕ್ಲಬ್ ಹೆಚ್ಚೆಂದರೆ ಒಂದೇ ಎಲೆ. ಕಾಕಾನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೂಗು ನಡೆದಿರುವಾಗ ಹುಬ್ಬು ಗಂಟಿಕ್ಕಿದರೂ ನನಗೆ ಸುಳಿವು ಕೊಟ್ಟಂತೆ, ಅದು ಸಲ್ಲದು. ಎಲ್ಲರೂ ಪಾಸ್ ಅಂದರು. ಸೇಠರ ಮೊದಲ ಎಲೆ ಬಿದ್ದ ಮೇಲೆ ಕಾಕಾ ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ತೆರೆದಿಡುವುದು ನಿಯಮ. ಸೇಠರು ಒಂದು ಹಾರ್ಟ್ ಎಲೆ ಎಳೆದು ಇನ್ನೇನು ಇಡಬೇಕು.

"ಒಂದ್ ನಿಮಿಷ್ರಿ ಸೇಠ್‌ಜಿ," ಎಂದರು ಕಾಕಾ. ಪಂದ್ಯ ನಡೆಸುವವರನ್ನು ಕರೆದರು. "ನನ್ನ ಜೋಡಿ ಹೇಳಿದ್ದು ತಪ್ಪದ್ರಿ. ನಮ್ಮ ಮಾತಿನ ಪ್ರಕಾರ ಕ್ಲಬ್ ಒಂದೇ ಎಲಿ, ಇಲ್ಲಂದ್ರ ಅದೂ ಇಲ್ಲ. ಬರದಿಟ್ಟೀವಿ."

ಸೇಠರು ಅವರ ಮುಖವನ್ನೇ ನೋಡಿದರು. ಹಾರ್ಟ್ ಎಲೆಯನ್ನು ಕೈಗೆ ಸೇರಿಸಿಕೊಂಡು ಸ್ಪೇಡ್ ಇಟ್ಟರು. ಸ್ಪೇಡೇ ನಮ್ಮ ತುರುಫು, ಉಳಿದ ಬಣ್ಣಗಳನ್ನೆಲ್ಲ ಹೊಡೆಯುವ ಬಣ್ಣ. ನನ್ನ ಸೋಲುವ ಕ್ಲಬ್ ಎಲೆಗಳನ್ನು ಕಾಕಾನ ತುರುಫಿನಿಂದ ಹೊಡೆಯಬೇಕಿತ್ತು. ಸೇಠರು ಸಿಕ್ಕಾಗಲೆಲ್ಲ ತುರುಫು ಎಳೆದು ಅದನ್ನು ಖಾಲಿ ಮಾಡಿದರು. ಒಂದೇ ಒಂದು ಪಟ್ಟು ಕಡಿಮೆ ಬಿತ್ತು. ಕಪ್ ಹೋಯಿತು.

ತಾಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ನಾಚಿಕೆಬಿಟ್ಟು ಅತ್ತೆ. "ಹೆಂಗೂ ನಿಮ್ಮ ಎಲಿ ಕೆಳಗಿಟ್ಟ ಮ್ಯಾಲ ಅವರಿಗಿ ಕಾಣ್ತಿತ್ತಲ್ರಿ!"

"ಹೌದವ್ವಾ. ಅಷ್ಟರಾಗ ಅವರ ಎಲಿ ಬಿದ್ದಿರ್ತಿತ್ತು. ಅದಕ್ಕೇ ಮೊದಲು ಹೇಳಿದ್ದು." ನನ್ನ ಕೈಗೆ ಚಹಾ ಕೊಟ್ಟು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಆ ತಪ್ಪಿನ ಬಗ್ಗೆ ಅವರು ಮುಂದೆಂದೂ ಒಂದು ಮಾತೂ ಎತ್ತಲಿಲ್ಲ. ಸೋತು ಬಂದ ಆ ಸಂಜೆಯಷ್ಟು ಹೆಮ್ಮೆ ನನಗೆ ಗೆದ್ದ ಯಾವ ದಿನವೂ ಆಗಿಲ್ಲ, ಆದರೆ ಅದು ಗೊತ್ತಾಗಲು ನನಗೆ ಸ್ವಲ್ಪ ದಿನ ಬೇಕಾಯಿತು.

ಹೋದ ವರ್ಷ ಜೋಳದ ರಾಶಿಯ ಹೊತ್ತಿಗೆ ಕಾಕಾ ತೀರಿಕೊಂಡರು. ಮೂರನೆಯ ದಿನ ಮನೂರಿನ ಅವರ ಮನೆ ಮುಂದೆ ಸೇಠರು ಬಂದು ಇಳಿದರು. ಕಾಕಾನ ಹೆಂಡತಿ ಕಾಕಿಗೆ ಕೈ ಮುಗಿದು ಹೇಳಿದರು, "ಆ ಕಪ್ ನಮ್ಮ ಮನ್ಯಾಗ ಅದರಿ. ಯಾರರೆ ಕೇಳಿದ್ರ, ಅವರು ಹೇಳಿದ್ದಕ್ಕ ನಾ ಗೆದ್ದೆ ಅಂತೀನ್ರಿ."

ಆಮೇಲೆ ನನ್ನ ಕಡೆ ತಿರುಗಿದರು. "ಆ ನೋಟ್‌ಬುಕ್ ಅದ ಏನ್ರಿ? ಅವತ್ತು ನಾ ಓದಲಿಲ್ಲ."

ಕಾಕಿ ಒಳಗಿನಿಂದ ನೋಟ್‌ಬುಕ್ಕನ್ನೂ ಅದರ ಮೇಲಿದ್ದ ಡಬ್ಬಿಯನ್ನೂ ತಂದರು. ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಸೇಠರು ಅಂಗಳದ ಹಗ್ಗದ ಮಂಚದ ಮೇಲೆ ಕೂತು ಕನ್ನಡಕ ಏರಿಸಿ, ಮೊದಲ ಪುಟದಿಂದ ಓದತೊಡಗಿದರು. ನಾಲ್ಕು ಕ್ಲಬ್ಬಿನ ಪುಟಕ್ಕೆ ಬಂದಾಗ ಹೊಸ ಅರ್ಥದ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಮುಂದೆ ಕೊನೆಯ ಪುಟದವರೆಗೂ ಓದಿದರು. ಅವರು ಮುಗಿಸುವವರೆಗೆ ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.