ಸ್ಕೋರು ಹೇಳುವ ರಾಚಪ್ಪ

ಹೊನ್ನೂರಿನ ಮಧುಶ್ರೀ ಸೋತ ಸುದ್ದಿಯನ್ನು ಪೇಪರಿನವರು ಸ್ಕೋರನ್ನೂ ಹಾಕದೆ ಒಂದೇ ಸಾಲಲ್ಲಿ ಮುಗಿಸಿದರೆಂಬ ಸಿಟ್ಟು, ಕೊಳ್ಳೇಗಾಲದ ಕ್ಲಬ್ಬಿನ ಟೆನಿಸ್ ಕೋರ್ಟ್ ನೋಡಿಕೊಳ್ಳುವ ರಾಚಪ್ಪನಿಗೆ ಇನ್ನೂ ಆರಿಲ್ಲ. ಅವನು ರಾಕೆಟ್ ಹಿಡಿಯಲು ಕಲಿಸಿದ ಹುಡುಗಿ ಈಗ ದೇಶದೇಶ ಸುತ್ತಿ ಆಡುತ್ತಾಳೆ. ಅವಳ ನೂರಾ ಹನ್ನೆರಡು ಗೆಲುವು, ತೊಂಬತ್ತೇಳು ಸೋಲು, ಯಾವ ಊರಲ್ಲಿ ಎಷ್ಟು ಏಸ್, ಎಷ್ಟು ಡಬಲ್ ಫಾಲ್ಟ್, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿವೆ. ಟೀ ಅಂಗಡಿಯಲ್ಲಿ ಯಾರಾದರೂ ಕ್ರಿಕೆಟ್ಟಿನ ಮಾತೆತ್ತಿದರೆ ಸಾಕು, “ಬಾಯ್ ಮುಚ್ಲಾ! ನಮ್ ಹೆಣ್ಮಗ ಮೊದುಲ್ನೇ ಸರ್ವು ನೂರುಕ್ಕೆ ಅರವತ್ತೊಂದ ಒಳಿಕ್ಕೇ ಆಕ್ತದೆ ಕಣ್ಲಾ!” ಎಂದು ಲೋಟ ಕುಕ್ಕುತ್ತಾನೆ. “ಅಣ್ಣೋ, ಅವ್ಳು ನಿಂಗೊಂದ್ ಫೋನಾರ ಮಾಡವ್ಳಾ?” ಎಂದು ಅಂಗಡಿಯ ದೇವರಾಜು ಕೆಣಕಿದರೆ ಮಾತ್ರ, “ಅದುಕ್ಕೆ ಪುರ್ಸೊತ್ತು ಎಲ್ಲದೆ?” ಎಂದು ಮೆತ್ತಗಾಗುತ್ತಾನೆ. ದಿನವೂ ತಾನೇ ಅವಳ ನಂಬರ್ ಒತ್ತಿ, ಆ ಕಡೆ ರಿಂಗಾಗುವ ಮೊದಲೇ ಕಟ್ ಮಾಡುತ್ತಾನೆ. ಅವಳಿಗೆ ಹದಿಮೂರಾಗಿದ್ದಾಗ ಜಿಲ್ಲಾ ಫೈನಲ್ಲಿಗೆ ಅವನೇ ಅಂಪೈರು. ಅವಳು ಹೊಡೆದ ಕೊನೆಯ ಚೆಂಡು ಗೆರೆಗೆ ಬಡಿದು ಸುಣ್ಣ ಹಾರಿದ್ದನ್ನು ಕಣ್ಣಾರೆ ಕಂಡೂ, ತನ್ನ ಹುಡುಗಿಯನ್ನು ಗೆಲ್ಲಿಸಿದನೆಂದು ಜನ ಆಡಿಕೊಂಡಾರೆಂದು ಹೆದರಿ ‘ಔಟ್’ ಎಂದುಬಿಟ್ಟ. ಅವಳು ಎದುರಾಡದೆ ಅವನ ಕೈಕುಲುಕಿ ಹೋದಳು. ಆ ಒಂದು ಪಾಯಿಂಟನ್ನು ಅವನು ಅವಳಿಗೆ ಇನ್ನೂ ಕೊಟ್ಟಿಲ್ಲ.